ಟೇಪು ಸುತ್ತಿದ ತಂತಿ

ಅಪ್ಪ,

ನಿನ್ನ ಹಳೇ ಕಾರಿನ ಡ್ಯಾಶ್‌ಬೋರ್ಡ್ ಇವತ್ತು ಬಿಚ್ಚಿದೆ. ನಡುವೆ ಇರುವ ಸ್ಪೀಡೋಮೀಟರಿನ ದೀಪ ಹತ್ತುವುದಿಲ್ಲವಲ್ಲ, ಅದಕ್ಕೆ. ಊರಿಗೆಲ್ಲ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್‌ಗೆ ಸ್ವಂತ ಕಾರಿನ ದೀಪ ಹಾಕಲು ಬರುವುದಿಲ್ಲವೆಂದು ಗೆಳತಿಯರ ಮುಂದೆ ನಾನು ನಗಾಡಿದಾಗಲೆಲ್ಲ ನೀನು, "ಸ್ಪೀಡು ಕಿವಿಗೇ ಗೊತ್ತಾಗುತ್ತೆ ಬಿಡು" ಅನ್ನುತ್ತಿದ್ದೆ.

ಬಲ್ಬು ಸುಟ್ಟಿರಲಿಲ್ಲ. ತಂತಿಯೂ ತುಂಡಾಗಿರಲಿಲ್ಲ. ಅದನ್ನು ಬೇಕೆಂದೇ ಬಿಚ್ಚಿ, ಅಚ್ಚುಕಟ್ಟಾಗಿ ಟೇಪು ಸುತ್ತಲಾಗಿತ್ತು. ಮುಂದೆ ಕೀಳುವವರಿಗೆ ಸುಲಭವಾಗಲೆಂದು ಟೇಪಿನ ತುದಿಯನ್ನು ಮಡಚಲಾಗಿತ್ತು. ಹಾಗೆ ಮಡಚುವವನು ನೀನೊಬ್ಬನೇ.

ಕೇಳಲು ನೀನಿಲ್ಲವಲ್ಲ, ಅಮ್ಮನನ್ನು ಕೇಳಿದೆ.

"ಚಿಕ್ಕವಳಿದ್ದಾಗ ಮುಂದಿನ ಸೀಟಲ್ಲಿ ನನ್ನ ತೊಡೆ ಮೇಲೆ ಮಲಗ್ತಿದ್ಯಲ್ಲ, ಆ ಬೆಳಕು ಕಣ್ಣಿಗೆ ಬಿದ್ರೆ ರಂಪ ಮಾಡ್ತಿದ್ದೆ. ಅದಕ್ಕೇ ಬಿಚ್ಚಿಟ್ರು."

"ದೊಡ್ಡವಳಾದ್ಮೇಲಾದ್ರೂ ಹಾಕಬಹುದಿತ್ತಲ್ಲ?"

"ನೀನು ಬೇರೆ ಊರಿಗೆ ಹೋದ್ಮೇಲೆ ನಾನೂ ಹೇಳ್ದೆ. 'ಅವಳು ಬಂದಾಗ ಅಲ್ಲೇ ತಾನೆ ನಿದ್ದೆ ಮಾಡೋದು, ಇರ್ಲಿ ಬಿಡು' ಅಂದ್ರು."

ಅಮ್ಮ ಒಳಗೆ ಹೋದಳು. ನಾನು ತಂತಿ ಜೋಡಿಸಿದೆ, ದೀಪ ಹತ್ತಿತು. ಕೆಲಸ ಅಷ್ಟೇ ಇದ್ದದ್ದು.

ಆಮೇಲೆ ಪಕ್ಕದ ಸೀಟಿನಲ್ಲಿ ಸ್ವಲ್ಪ ಹೊತ್ತು ಒರಗಿ ನೋಡಿದೆ. ನಿಜ, ಅಪ್ಪ. ನೇರ ಕಣ್ಣಿಗೇ ಹೊಡೆಯುತ್ತದೆ.