ನಿಮ್ಮಣ್ಣ ಹಡಗು ಹತ್ತಿದ ಸುದ್ದಿ

ಮಳವಳ್ಳಿ
೧೮ ಜೂನ್ ೨೦೨೫

ಚಿರಂಜೀವಿ ರಾಘುವಿಗೆ,

ನಿನ್ನ ಅತ್ತಿಗೆ ಪಂಕಜಮ್ಮ ಮನಸಾರೆ ಹರಸಿ ಬರೆಯುತ್ತಿರುವ ಕಾಗದ. ನಾವೆಲ್ಲ ಆರೋಗ್ಯವಾಗಿದ್ದೇವೆ. ನೀನು, ಹರಿಪ್ರಿಯಾ, ಮಕ್ಕಳು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಕೊಡುತ್ತಿದ್ದೇನೆ, ಬೈದುಕೊಳ್ಳಬೇಡ. ಮಂಡ್ಯವೇನು ಕಾಶಿಯಲ್ಲ, ಬಸ್ಸು ಹತ್ತಿ ಒಂದು ನಿದ್ದೆ ಮಾಡಿದರೆ ಬಂದುಬಿಡುತ್ತದೆ. ಆದರೂ ಕಾಗದ ಯಾಕೆ ಬರೆಯುತ್ತೇನೆಂದರೆ, ಫೋನಿನಲ್ಲಿ ನಿಮ್ಮಣ್ಣನ ಹೆಸರು ಬಂದ ತಕ್ಷಣ ನೀನು "ಬೆಲ್ ಹೊಡೀತು ಅತ್ತಿಗೆ, ಕ್ಲಾಸಿದೆ" ಎಂದು ಇಟ್ಟುಬಿಡುತ್ತೀಯ. ನಿಮ್ಮ ಶಾಲೆಯಲ್ಲಿ ಭಾನುವಾರವೂ ಬೆಲ್ ಹೊಡೆಯುತ್ತದಲ್ಲ, ಅದೇ ನನಗೆ ಆಶ್ಚರ್ಯ. ಕಾಗದವನ್ನಾದರೆ ಕೊನೆಯ ತನಕ ಓದುತ್ತೀಯ. ಸಂಸ್ಕೃತದ ಮೇಷ್ಟ್ರು, ಅರ್ಧಕ್ಕೆ ಬಿಡುವ ಜಾತಿಯಲ್ಲ.

ಸುದ್ದಿ ಏನು ಗೊತ್ತೇ? ನಾನು ಹಡಗು ಹತ್ತಿ ಬಂದೆ! ನಾನೊಬ್ಬಳೇ ಅಲ್ಲ, ನಿಮ್ಮಣ್ಣನೂ ಹತ್ತಿದರು. ಓದಿ ಎದ್ದು ನಿಲ್ಲಬೇಡ, ಕೂತುಕೋ, ಎಲ್ಲ ಹೇಳುತ್ತೇನೆ.

ಇದಕ್ಕೆಲ್ಲ ಮೂಲ ನಮ್ಮ ದೀಪಶ್ರೀಯ ಮಗಳು ನಯನ. ಯುಗಾದಿಯ ದಿನ ಊಟಕ್ಕೆ ಕೂತಾಗ ತಾತನನ್ನು ಹಿಡಿದುಕೊಂಡಳು. "ತಾತ, ನೀನು ಅಜ್ಜೀನ ಎಲ್ಲೆಲ್ಲಿಗೆ ಕರ್ಕೊಂಡು ಹೋಗಿದ್ದೀಯ?" ಅಂದಳು. ಇವರು "ಮೇಲುಕೋಟೆ" ಅಂದರು. "ಆಮೇಲೆ?" "ತಿರುಪತಿ." "ಆಮೇಲೆ?" ನಿಮ್ಮಣ್ಣ ಒಬ್ಬಟ್ಟಿನ ಮೇಲೆ ಕೈ ಇಟ್ಟುಕೊಂಡು ಬಹಳ ಯೋಚನೆ ಮಾಡಿ, "ಮೇಲುಕೋಟೆಗೆ ಇನ್ನೊಂದು ಸಲ" ಅಂದರು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅವರು ನಗಲಿಲ್ಲ. ನಿನಗೆ ಗೊತ್ತಿದೆಯಲ್ಲ, ನಮ್ಮ ಗುಡಿಯ ವೇಣುಗೋಪಾಲನಿಗೆ ಬೆಳಿಗ್ಗೆ ಸಂಜೆ ಪೂಜೆ ತಪ್ಪಬಾರದೆಂದು ನಾವು ಯಾವ ಮದುವೆಗೆ ಹೋದರೂ ಧಾರೆ ಮುಗಿದ ತಕ್ಷಣ ಬಸ್‌ಸ್ಟ್ಯಾಂಡಿಗೆ ಓಡಿ ಬಂದವರು. ಎಲೆ ತೆಗೆದ ಮೇಲೆ ನನ್ನ ಹತ್ತಿರ ಬಂದು, "ನಿನಗೇನು ನೋಡ್ಬೇಕು ಅಂತ ಆಸೆ ಪಂಕಜ?" ಎಂದು ಕೇಳಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಕೇಳಿದ್ದು. ನಾನು ಹಿಂದೆ ಮುಂದೆ ನೋಡದೆ, "ಸಮುದ್ರ. ದಡದಲ್ಲಿ ನಿಂತು ಅಲ್ಲ, ಮಧ್ಯಕ್ಕೆ ಹೋಗಿ ನೋಡ್ಬೇಕು" ಅಂದುಬಿಟ್ಟೆ.

ಇಲ್ಲಿ ಹಳೆಯ ಮಾತೊಂದನ್ನು ಎತ್ತಲೇಬೇಕು ರಾಘು. ನಿನಗೆ ನೋವಾಗುತ್ತದೆ, ಆದರೆ ಅದನ್ನು ಬಿಟ್ಟರೆ ಈ ಕಥೆ ಮುಂದೆ ಹೋಗುವುದಿಲ್ಲ. ನೀನು ಸಿಂಗಪುರದ ದೇವಸ್ಥಾನದಲ್ಲಿ ಪರಿಚಾರಕನಾಗಿದ್ದು ಊರಿಗೆ ಬಂದ ಮರುದಿನ, ಮಿಂದು ಮಡಿಯುಟ್ಟು ಹೂವಿನ ತಟ್ಟೆ ಹಿಡಿದು ಗರ್ಭಗುಡಿಯ ಹೊಸ್ತಿಲ ತನಕ ಹೋದೆ. ನಿಮ್ಮಣ್ಣ ಒಳಗಿನಿಂದಲೇ ಕೈ ಅಡ್ಡ ಹಿಡಿದರು. "ಸಮುದ್ರ ದಾಟಿದ ಅರ್ಚಕ ಮೂರ್ತಿ ಮುಟ್ಟೋ ಹಾಗಿಲ್ಲ ರಾಘು. ಅಲ್ಲೇ ನಿಂತ್ಕೋ." ನೀನು ನವರಂಗದ ಕಂಬದ ಪಕ್ಕ ಒಂದು ಗಳಿಗೆ ನಿಂತು, ತಟ್ಟೆ ಕೆಳಗಿಟ್ಟು ಹೋದವನು ಇವತ್ತಿನ ತನಕ ಆ ಗುಡಿಯ ಮೆಟ್ಟಿಲು ಹತ್ತಿಲ್ಲ. ಮದುವೆ ಮುಂಜಿಗೆ ಛತ್ರಕ್ಕೆ ಬರುತ್ತೀಯ, ಉಂಡು ಹೋಗುತ್ತೀಯ. ಮಗುವಿನಂತೆ ನಾನು ಬೆಳೆಸಿದ ಮೈದುನ ಛತ್ರದ ಪಂಕ್ತಿಯಲ್ಲಿ ನೆಂಟನಂತೆ ಕೂರುವುದನ್ನು ನೋಡಿದಾಗಲೆಲ್ಲ ನಾನು ಬಡಿಸುವ ನೆಪ ಮಾಡಿ ಎದ್ದು ಹೋಗುತ್ತೇನೆ.

ಹಾಗಿರುವಾಗ ಇವರು ಹಡಗಿಗೆ ಒಪ್ಪುತ್ತಾರೆಂದು ಯಾರು ನಂಬುತ್ತಾರೆ? ದೀಪಶ್ರೀ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಇಂಜಿನಿಯರು, ವಾದದಲ್ಲಿ ಅವಳನ್ನು ಗೆದ್ದವರಿಲ್ಲ. "ಅಪ್ಪ, ಈ ಹಡಗು ಚೆನ್ನೈನಲ್ಲಿ ಹತ್ತಿಸ್ಕೊಂಡು, ಸಮುದ್ರದಲ್ಲಿ ಸುತ್ತಿಸಿ, ವಾಪಸ್ ಚೆನ್ನೈನಲ್ಲೇ ಇಳಿಸುತ್ತೆ. ಬೇರೆ ದೇಶಕ್ಕೆ ಹೋಗಲ್ಲ. ಆ ಕಡೆ ದಡ ಮುಟ್ಟದೇ ಇದ್ರೆ ದಾಟಿದ ಹಾಗೆ ಹೇಗಾಗುತ್ತೆ?" ಅಂದಳು. ಅಳಿಯ ಅಶೋಕ್ ತಲೆಯಾಡಿಸಿದರು. ನಿಮ್ಮಣ್ಣ ಒಂದು ಸಲ ನನ್ನ ಕಡೆ ತಿರುಗಿ ನೋಡಿ, "ಆಯ್ತು, ಟಿಕೆಟ್ ಮಾಡಿಸು" ಅಂದರು. ನಾನು ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತು ಅತ್ತೆ, ಸಂತೋಷಕ್ಕೆ.

ಊರಿಗೆ ಸುದ್ದಿಯಾಗಲು ಎಷ್ಟು ಹೊತ್ತು! ಗುಡಿಗೆ ತುಳಸಿ ತರುವ ಕೆಂಪಸಿದ್ದಯ್ಯ ಬುಟ್ಟಿ ಇಳಿಸುತ್ತಲೇ ಕೇಳಿದ. "ಅಯ್ನೋರೆ, ಸಮುದ್ರುಕ್ಕೋಯ್ತೀರಂತೆ. ಬಂದ್ಮೇಲೆ ನಮ್ ಗೋಪಾಲಪ್ಪುನ್ ಮುಟ್ಟಂಗಿಲ್ವಂತೆ, ದಿಟ್ವೇ?" ಇವರು ತುಳಸಿ ಬಿಡಿಸುತ್ತಾ, "ಬಂದ ಮೇಲೆ ನೋಡೋಣ ಕೆಂಪಸಿದ್ದಯ್ಯ, ಗೋಪಾಲ ಎಲ್ಲೂ ಹೋಗಲ್ಲ" ಅಂದರು. ಮಗ ಮಧುಕರನಿಗೆ ಗುಡಿ ಒಪ್ಪಿಸಿದರು. ಹೊರಡುವ ದಿನ ಬೆಳಗಿನ ಅಭಿಷೇಕ ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ನಾನು ಹೊರಗಿನಿಂದ, "ಮದ್ದೂರಲ್ಲಿ ರೈಲು ತಪ್ಪುತ್ತೆ, ಬೇಗ ಬನ್ನಿ" ಎಂದು ಕೂಗಿದೆ. ಗಂಧದ ಕೈಯಲ್ಲೇ ಬಂದು ಕಾರು ಹತ್ತಿದರು.

ಚೆನ್ನೈನಲ್ಲಿ ಮೊದಲು ಆಟದ ಪಾರ್ಕು. ಅಯ್ಯೋ, ಅದೊಂದು ಬೇರೆ ಲೋಕ ಕಣಪ್ಪ. ಆಕಾಶದಲ್ಲಿ ರೈಲು ತಲೆಕೆಳಗಾಗಿ ಓಡುತ್ತದೆ, ಜನ ದುಡ್ಡು ಕೊಟ್ಟು ಕೂತು ಕಿರುಚುತ್ತಾರೆ. ಅದರಲ್ಲಿ ತಾತನೇ ಪಕ್ಕದಲ್ಲಿ ಕೂರಬೇಕೆಂದು ನಯನಳ ಹಟ. ಬಾಗಿಲಲ್ಲಿದ್ದ ಹುಡುಗಿ ಪಂಚೆ ಉಟ್ಟವರನ್ನು ಕೂರಿಸುವ ಹಾಗಿಲ್ಲ ಎಂದಳು. ನಿಮ್ಮಣ್ಣ ಅಶೋಕರ ಟ್ರ್ಯಾಕ್ ಪ್ಯಾಂಟು ತೊಟ್ಟು ಹೊರಗೆ ಬಂದರು ನೋಡು! ಕೆಳಗೆ ಎರಡು ಬಿಳಿ ಪಟ್ಟೆಯ ಪ್ಯಾಂಟು, ಮೇಲೆ ನಾಮ, ಜುಟ್ಟು, ಭುಜದ ಮೇಲೆ ಶಲ್ಯ. ಶಲ್ಯವನ್ನೂ ಆ ಹುಡುಗಿ ಕಿತ್ತುಕೊಂಡಳು. "ಸಹಸ್ರನಾಮ ಹೇಳ್ಕೋತೀನಿ, ಭಯವೇನು" ಎಂದು ಹೋದರು. ಇಳಿದು ಬಂದು, "ವಿಶ್ವಂ ವಿಷ್ಣುಃ ತನಕ ಬಂತು, ಆಮೇಲೆ ಬರೀ ಗೋಪಾಲಾ ಗೋಪಾಲಾ ಅಂತಿದ್ದೆ" ಅಂದರು. ಮುಖ ಬಿಳಿಚಿಕೊಂಡಿತ್ತು. ಸ್ವಲ್ಪ ನೀರು ಕುಡಿದು, "ಇನ್ನೊಂದು ಸಲ ಹೋಗೋಣ್ವೇನೇ ನಯನ?" ಅಂದರು. ನನ್ನ ಗಂಡನಿಗೆ ಇಷ್ಟು ಧೈರ್ಯವಿದೆಯೆಂದು ನನಗೇ ಗೊತ್ತಿರಲಿಲ್ಲ. ಸಾಲಿನಲ್ಲಿದ್ದ ತಮಿಳು ಹೆಂಗಸಿಗೆ, ಭಾಷೆ ಬರದಿದ್ದರೂ, "ನಮ್ಮವರು, ನಮ್ಮವರು" ಎಂದು ತೋರಿಸಿದೆ.

ಸಂಜೆ ನಾನೂ ಅವರೂ ದೊಡ್ಡ ರಾಟವಾಳದಲ್ಲಿ ಕೂತೆವು. ತುತ್ತತುದಿಗೆ ಹೋದಾಗ ಅದು ನಿಂತಿತು. ಊರೆಲ್ಲ ದೀಪ. ಇವರು, "ಮಳವಳ್ಳಿ ಯಾವ ಕಡೆ ಬರುತ್ತೆ?" ಎಂದು ಕೇಳಿದರು. ಸೂರ್ಯ ಮುಳುಗಿದ ಕಡೆ ಇರಬೇಕು ಎಂದೆ. ಆ ಕಡೆ ತಿರುಗಿ ಕೈ ಮುಗಿದರು. ಗುಡಿಯಲ್ಲಿ ಮಂಗಳಾರತಿಯ ಹೊತ್ತು.

ಇನ್ನು ಹಡಗು. ಅದನ್ನು ಹಡಗು ಎನ್ನುವುದಕ್ಕಿಂತ ನೀರಿನ ಮೇಲಿಟ್ಟ ಊರು ಎನ್ನಬೇಕು. ಅಂಗಡಿ ಬೀದಿ, ನಾಟಕಶಾಲೆ, ಈಜುಕೊಳ. ಸಮುದ್ರದ ಮೇಲೆ ಈಜುಕೊಳ ಯಾಕೆಂದು ಕೇಳಿದರೆ ಎಲ್ಲರೂ ನಗುತ್ತಾರೆ. ನಮ್ಮ ಕೋಣೆಯಲ್ಲಿ ಟವೆಲನ್ನು ಆನೆಯಾಗಿ ಮಡಿಸಿಟ್ಟಿದ್ದರು. ಅದನ್ನು ಬಿಚ್ಚಲು ಮನಸ್ಸು ಬರದೆ ನಾನು ಸೀರೆಯ ಸೆರಗಿನಲ್ಲೇ ಮುಖ ಒರೆಸಿಕೊಂಡೆ. ಊಟದ ಮನೆಯಲ್ಲಿ ಸಸ್ಯಾಹಾರವೂ ಬೇರೆ ಇತ್ತು, ನಾವೆಲ್ಲ ತಿಂದೆವು. ಇವರು ಮಾತ್ರ ನಾನು ಕಟ್ಟಿಕೊಂಡು ಹೋಗಿದ್ದ ಹುಳಿ ಅವಲಕ್ಕಿ, ಬಾಳೆಹಣ್ಣು, ಹಾಲಿನಲ್ಲೇ ಕಳೆದರು. ಎಲ್ಲಿಂದಲೋ ಬಂದ ಹೊಸ ಮದುಮಕ್ಕಳು ಇವರ ತೇಜಸ್ಸು ನೋಡಿ ಕಾಲಿಗೆ ಬಿದ್ದರು. ಜೊತೆಗೆ ನನಗೂ ಬಿದ್ದರು. ನಾನು ಸಂಕೋಚಪಡಲಿಲ್ಲ, ಗಟ್ಟಿಯಾಗಿ ಆಶೀರ್ವಾದ ಮಾಡಿದೆ.

ಮರುದಿನ ಬೆಳಿಗ್ಗೆ ನಾವಿಬ್ಬರೇ ಮೇಲಿನ ಅಟ್ಟಕ್ಕೆ ಹೋದೆವು. ರಾಘು, ಆ ನೀರನ್ನು ಹೇಗೆ ಹೇಳಲಿ! ನಾಲ್ಕೂ ಕಡೆ ನೀರು, ನೀರು ಮುಗಿದ ಕಡೆ ಆಕಾಶ. ನನ್ನ ಎದೆ ತುಂಬಿ ಬಂತು. ಇವರು ಊರಿನಿಂದ ತಾಮ್ರದ ಚೊಂಬಿನಲ್ಲಿ ಕಾವೇರಿ ನೀರು ತಂದಿದ್ದರು. ಅಷ್ಟು ನೀರಿನ ನಡುವೆ ನಿಂತು ಆ ಚೂರು ನೀರಿನಲ್ಲಿ ಸೂರ್ಯನಿಗೆ ಅರ್ಘ್ಯ ಕೊಟ್ಟರು. ನೆಲ ಒದ್ದೆಯಾಯಿತೆಂದು ಹಡಗಿನವನೊಬ್ಬ ಓಡಿ ಬಂದ. ಇವರ ಮಂತ್ರ ಕೇಳಿ ಟೋಪಿ ತೆಗೆದು ನಿಂತ. ಮುಗಿದ ಮೇಲೆ ಇವರೇ ತಮ್ಮ ಶಲ್ಯದಿಂದ ನೆಲ ಒರೆಸಿದರು. ಆಮೇಲೆ ಕಟಕಟೆ ಹಿಡಿದು ಸುತ್ತಲೂ ನೋಡಿ, "ಯಾವ ಕಡೆ ನೋಡಿದ್ರೂ ದಡ ಇಲ್ಲ ಪಂಕಜ" ಅಂದರು. ನಾನು, "ಅದನ್ನೇ ಅಲ್ವೇ ನೋಡಕ್ಕೆ ಬಂದದ್ದು" ಅಂದೆ. "ಕಣ್ತುಂಬ ನೋಡು" ಅಂದರು. ನಾನು ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು.

ಹಡಗು ಇಳಿದ ಮೇಲೆ ಇನ್ನೊಂದು ಪಾರ್ಕು, ಪೂರಾ ನೀರಿನದು. ಒಂದು ಕೊಳದಲ್ಲಿ ಸೈರನ್ ಊದಿ ಅಲೆ ಎಬ್ಬಿಸುತ್ತಾರೆ. ಇವರು ದಡದಲ್ಲಿ ಕೂರುತ್ತಾರೆ ಎಂದುಕೊಂಡಿದ್ದೆ. "ಇನ್ನೇನು, ದೊಡ್ಡ ನೀರೇ ನೋಡಿಯಾಯ್ತಲ್ಲ" ಎಂದು ಮೊಮ್ಮಗಳ ಕೈ ಹಿಡಿದು ಇಳಿದವರು ಸಂಜೆ ತನಕ ಮೇಲೆ ಬರಲಿಲ್ಲ. ಜುಟ್ಟು ಬಿಚ್ಚಿಹೋಗಿ ಚಿಕ್ಕ ಹುಡುಗನಂತೆ ಕಾಣುತ್ತಿದ್ದರು. ನಮ್ಮ ಬೀದಿಯಲ್ಲಿ ಇಷ್ಟು ಸುಖವಾಗಿ ಗಂಡನ ಜೊತೆ ತಿರುಗಿ ಬಂದ ಹೆಂಗಸು ಬೇರೆ ಯಾರಿದ್ದಾರೆ ಹೇಳು. ಬಂದಾಗಿನಿಂದ ಹಾಲಿನವನಿಗೂ ಬಿಡದೆ ಹೇಳುತ್ತಿದ್ದೇನೆ. ನಾನು ಜಂಬ ಪಡುತ್ತಿದ್ದೇನೆಂದು ಸೊಸೆ ಶ್ವೇತ ನಗುತ್ತಾಳೆ. ಪಟ್ಟರೆ ಏನು ತಪ್ಪು?

ಹರಿಪ್ರಿಯಾಳಿಗೆ ಸಮುದ್ರದ ಚಿಪ್ಪಿನ ಕುಂಕುಮದ ಭರಣಿ ತಂದಿದ್ದೇನೆ. ಅಂಚೆಯಲ್ಲಿ ಕಳಿಸಿದರೆ ಒಡೆಯುತ್ತದೆ, ಕೈಗೇ ಕೊಡಬೇಕು. ಮಕ್ಕಳಿಗೆ ವಿದ್ಯೆ ಹತ್ತಲಿ, ನಿನ್ನ ಮಂಡಿನೋವು ಕಡಿಮೆಯಾಗಲಿ, ನಿಮ್ಮ ಮನೆ ಸದಾ ತುಂಬಿರಲಿ ಎಂದು ಹರಸುವ

ನಿನ್ನ ಅತ್ತಿಗೆ
ಪಂಕಜಮ್ಮ

ಇನ್ನೊಂದು ಮಾತು. ಕಾಗದ ಮಡಿಸಿ ಅಂಟಿಸಲು ಹೊರಟವಳು ಮತ್ತೆ ಬಿಚ್ಚಿದೆ. ಇದನ್ನು ಬರೆಯದಿದ್ದರೆ ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಊರಿಗೆ ಬಂದ ಮರುದಿನ ನಿಮ್ಮಣ್ಣ ಎಂದಿನಂತೆ ಮಿಂದು, ಹೂವಿನ ತಟ್ಟೆ ಹಿಡಿದು ಗುಡಿಗೆ ಹೋದರು. ನಾನೂ ಹಿಂದೆಯೇ ಇದ್ದೆ. ಹೊಸ್ತಿಲ ತನಕ ಹೋಗಿ ತಟ್ಟೆಯನ್ನು ಮಧುಕರನ ಕೈಗೆ ಕೊಟ್ಟು, ಹಿಂದೆ ಸರಿದು ಕಂಬದ ಪಕ್ಕ ನಿಂತರು. ಮಧುಕರ, "ಅಪ್ಪ, ಬನ್ನಿ" ಅಂದ. ಬರಲಿಲ್ಲ. ದೀಪಶ್ರೀ ಬಂದು ತನ್ನ ವಾದವನ್ನೆಲ್ಲ ಮತ್ತೆ ಹೇಳಿ ಅತ್ತಳು. "ನೀನು ಹೇಳಿದ್ದು ಚೆನ್ನಾಗೇ ಇತ್ತಮ್ಮ, ಆದರೆ ದಡ ಕಾಣದ ಕಡೆ ನಿಂತು ಬಂದಿದ್ದೀನಿ" ಅಂದರು. ಕೆಂಪಸಿದ್ದಯ್ಯ ಊರಿನವರನ್ನು ಕರೆತಂದು, "ಒಳಿಕ್ಕೋಗಿ ಅಯ್ನೋರೆ, ಯಾರೂ ಏನೂ ಅನ್ನಾಕಿಲ್ಲ. ಯಾವ್ದಾರಾ ಒಂದ್ ಸಾಂತಿ ಮಾಡ್ಕಬುಡಿ" ಅಂದ. ಅದಕ್ಕೆ ಇವರು ಹೇಳಿದ ಮಾತು ಇದು: "ನನ್ನ ತಮ್ಮನ್ನ ಇಲ್ಲೇ ನಿಲ್ಲಿಸಿದವನು ನಾನು ಕೆಂಪಸಿದ್ದಯ್ಯ. ಅವನಿಗೊಂದು ನ್ಯಾಯ, ನನಗೊಂದು ನ್ಯಾಯ ಆಗಲ್ಲ."

ಹಾಗಾದರೆ ಒಪ್ಪಿದ ದಿನವೇ ಇವರಿಗೆ ಗೊತ್ತಿತ್ತು ರಾಘು. ಹೊರಟ ದಿನದ ಅಭಿಷೇಕ ಯಾಕೆ ಮುಗಿಯಲಿಲ್ಲವೆಂದು ನನಗೆ ಈಗ ತಿಳಿಯಿತು. ರೈಲು ತಪ್ಪುತ್ತದೆಂದು ಕೂಗಿ ಹೊರಗೆಳೆದವಳು ನಾನು. "ನನಗೆ ಒಂದು ಮಾತು ಹೇಳಬಾರದಿತ್ತೇ" ಎಂದು ಜಗಳವಾಡಿದೆ. "ಹೇಳಿದ್ರೆ ನೀನು ಬರ್ತಿದ್ಯಾ?" ಅಂದರು, ಅಷ್ಟೇ. ಈಗ ಅವರ ಕೈಗೆ ಗಂಧದ ವಾಸನೆಯಿಲ್ಲ. ಊಟಕ್ಕೆ ಕೂತಾಗ ತಮ್ಮ ಬೆರಳನ್ನು ತಾವೇ ನೋಡಿಕೊಳ್ಳುತ್ತಾರೆ. ನನಗೆ ಅಳು ಬರುತ್ತದೆ, ಹೆಮ್ಮೆಯೂ ಆಗುತ್ತದೆ. ಇವರಂಥ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ದಿನಾ ನಿಲ್ಲುವುದು ನೀನು ನಿಂತಿದ್ದ ಕಂಬದ ಹತ್ತಿರವೇ. ಕಂಬದ ಮುಂದೆ ನಡುವಿನಲ್ಲಿ ನಿಂತರೆ ಮೂರ್ತಿ ಚೆನ್ನಾಗಿ ಕಾಣುತ್ತದೆ, ಆದರೆ ಒಂದು ಪಕ್ಕಕ್ಕೇ ಸರಿದು ನಿಲ್ಲುತ್ತಾರೆ. ಇನ್ನೊಬ್ಬರು ನಿಲ್ಲುವಷ್ಟು ಜಾಗ ಯಾರಿಗೆ ಬಿಟ್ಟಿದ್ದಾರೆಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಬೆಳಗಿನ ಮಂಗಳಾರತಿ ಈಗಲೂ ಏಳೂವರೆಗೇ. ಮಂಡ್ಯದಿಂದ ಮೊದಲನೇ ಬಸ್ಸು ಹಿಡಿದರೆ ಸಿಗುತ್ತದೆ.