ಹತ್ತು ನಿಮಿಷದ ಹಾಡುಗಾರರು

ನವೆಂಬರ್ 6, ಗುರುವಾರ. ಸಂಜೆ

ಸತ್ಯನಾರಾಯಣ ಪೂಜೆ ಮುಗಿಸಿ ಬಂದೆ. ಬೈಲಹೊಂಗಲ ಬಜಾರಿನಲ್ಲಿ ಟ್ರ್ಯಾಕ್ಟರಿನವನೊಬ್ಬ ಬೈದ. ಎಷ್ಟು ಹಾರ್ನ್ ಹೊಡೆದರೂ ಸರಿಯಲಿಲ್ಲವಂತೆ. ನನಗೆ ಕೇಳಿಸಿದ್ದು ಬೈಗುಳ ಮಾತ್ರ.

ಧೋತರ ಬದಲಿಸಿದ್ದೇ ಮೊಬೈಲ್ ಹಿಡಿದೆ. ಚಟವೇ ಆಗಿದೆ. ಅಮೆರಿಕದ ಹಳೆಯ ತುಣುಕು ಚಿತ್ರಗಳು — ಸಿನಿಮಾಕ್ಕೆ ಆಗತಾನೇ ಮಾತು ಬಂದ ಕಾಲದವು. ಸ್ಟೇಜ್ ಮೇಲೆ ಆಟ ತೋರಿಸುವವರನ್ನು ಕರೆತಂದು ಒಂದು ಪರದೆಯ ಮುಂದೆ ನಿಲ್ಲಿಸಿದ್ದಾರೆ. ಹತ್ತು ನಿಮಿಷ. ಹಾಡು, ಕುಣಿತ, ಜೋಕು, ಒಂದು ನಮಸ್ಕಾರ. ಇವತ್ತು ಒಬ್ಬ ಗರಗಸಕ್ಕೆ ಪಿಟೀಲಿನ ಕಮಾನು ಹಚ್ಚಿ ಹಾಡು ನುಡಿಸಿದ. ಮರ ಕೊಯ್ಯುವ ಗರಗಸ! ಎದೆ ಕಲಕುವ ದನಿ. ಶಾಭಾಸ್ ಮಗನೇ ಅಂದೆ.

ಭಟ್ಟನಾದವನು ಇದನ್ನೆಲ್ಲ ನೋಡಬಹುದೇ? ಯಾಕೆ ನೋಡಬಾರದು. ಮಂತ್ರ ಹೇಳುವವನಿಗೂ ಖುಷಿ ಬೇಕು.

ಒಳಗಿನಿಂದ ಪದ್ಮಜಾ: "ಏನ್ರೀ, ಓಣಿ ತುಂಬ ಕೇಳಸ್ಲಿಕತ್ತದ. ಸಣ್ಣಗ ಮಾಡ್ರಿ."

ಸಣ್ಣಗೇ ಇತ್ತು.

ನವೆಂಬರ್ 9, ರವಿವಾರ

ಪದ್ಮಜಾಳನ್ನೂ ಕೂಡಿಸಿಕೊಂಡು ನೋಡಿದೆ. ಅಕ್ಕ-ತಂಗಿಯ ಆಟ. ಅಕ್ಕ ಪಿಯಾನೋ, ತಂಗಿ ನಿಂತು ಹಾಡುವವಳು. ನಡುವೆ ಅಕ್ಕನ ಬೆರಳು ತಪ್ಪಿತು. ಹಾಡು, ಚಿತ್ರ ಎರಡೂ ಒಮ್ಮೆಗೇ ಹಿಡಿಯುವ ಕಾಲ, ನಿಲ್ಲಿಸುವ ಹಾಗಿಲ್ಲ. ತಂಗಿ ನಕ್ಕಳು, ಅದೇ ಸಾಲನ್ನು ಎಳೆದು ಹಾಡಿದಳು, ಅಕ್ಕ ಬಂದು ಕೂಡಿಕೊಂಡಳು. ಎಂಥ ಚೆಲುವು!

ಪದ್ಮಜಾ ಸೆರಗು ಬಾಯಿಗಿಟ್ಟು ನಕ್ಕಿದ್ದೇ ನಕ್ಕಿದ್ದು. "ಇನ್ನೊಮ್ಮಿ ಹಚ್ಚರಿ" ಅಂದಳು. ಮತ್ತೆ ಹಚ್ಚಿದೆ. ಹೊಸ ಹಾಡುಗಳು ನನಗೆ ಈಗೀಗ ಮಸುಕು ಮಸುಕು. ಇವು ಮಾತ್ರ ಸ್ವಚ್ಛ.

ನವೆಂಬರ್ 16, ರವಿವಾರ

ಸವದತ್ತಿಯಲ್ಲಿ ಮದುವೆ ಮಾಡಿಸಿ ಬಂದೆ. ಬರೆಯುವುದಿಲ್ಲ.

ನವೆಂಬರ್ 20, ಗುರುವಾರ

ಬರೆದೇಬಿಡುತ್ತೇನೆ.

ವಧು-ವರರ ನಡುವೆ ಅಂತರಪಟ ಹಿಡಿದಿದ್ದರು. ನಾನು ಕಣ್ಣು ಮುಚ್ಚಿ ಮಂಗಲಾಷ್ಟಕ ಹಾಡುತ್ತಿದ್ದೆ. ಯಾವಾಗಲೂ ಹಾಗೇ ಹಾಡುವವನು. ಮುಹೂರ್ತದ ಗಳಿಗೆಗೆ ಹಿರಿಯರು "ವ್ಯಾಳ್ಯಾ ಆತ್ರಿ" ಅನ್ನುತ್ತಾರೆ, ನಾವು ಕೊನೆಯ 'ಸಾವಧಾನ' ಹೇಳಿ ಮುಗಿಸಬೇಕು, ಅಂತರಪಟ ಸರಿಯಬೇಕು, ಅಕ್ಕಿಕಾಳು ಬೀಳಬೇಕು. ಅವರು ಕೂಗಿದರಂತೆ. ಮೂರು ಸಲ ಕೂಗಿದರಂತೆ! ನಾನು ಶ್ಲೋಕದ ಮೇಲೆ ಶ್ಲೋಕ. ಹುಡುಗಿಯ ಸೋದರಮಾವ ಬೇಸತ್ತು ತಾನೇ ಅಂತರಪಟ ಎಳೆದ. ವಾಜಂತ್ರಿ ಶುರುವಾಯಿತು. ಡೋಲಿನ ಸದ್ದು ಬಂತು — ಪಕ್ಕದ ಓಣಿಯದಿರಬೇಕು ಅಂದುಕೊಂಡೆ. ಮೂಗಿನ ಮೇಲೆ ಅಕ್ಕಿಕಾಳು ಬಿದ್ದಾಗ ಕಣ್ಣು ತೆರೆದೆ. ಮಂಟಪವೆಲ್ಲ ನಗುತ್ತಿತ್ತು. ಹುಡುಗಿಯ ತಂದೆ ಒಬ್ಬರೇ ನಗುತ್ತಿರಲಿಲ್ಲ. ಮುಹೂರ್ತ ಮೀರಿತ್ತು.

ಇವತ್ತು ತಮ್ಮ ಭಾರ್ಗವ ಬಂದಿದ್ದ. ಅವನ ಮಗಳು ಹರಿಪ್ರಿಯಾಳ ಮದುವೆ ಡಿಸೆಂಬರ್ ನಾಲ್ಕಕ್ಕೆ. ನನ್ನ ತೊಡೆಯ ಮೇಲೆ ಆಡಿ ಬೆಳೆದ ಕೂಸು. ಸವದತ್ತಿ ಸುದ್ದಿ ಅವನಿಗೆ ಮುಟ್ಟಿದೆ.

"ಅಣ್ಣಾ, ಸಿಟ್ಟಾಗಬ್ಯಾಡ. ಈಗ ಎಲ್ಲಾ ಕಡೆ ಮಂಗಲಾಷ್ಟಕಕ್ಕ ಪೆನ್‌ಡ್ರೈವ್ ಹಚ್ಚತಾರ. ನೀ ಆರಾಮ ಕೂಡು. ಮಂತ್ರಕ್ಕ ಬ್ಯಾರೆ ಭಟ್ರನ್ನ ಹೇಳೇನಿ."

"ಹೂಂ" ಅಂದೆ. ಅವನು ಹೋದ ಮೇಲೆ ಅಳು ಬಂತು. ಆ ಹುಡುಗಿಗೆ ಹೆಸರಿಟ್ಟವನು ನಾನು. ಅವಳ ಮದುವೆಗೆ ಪೆನ್‌ಡ್ರೈವ್ ಹಾಡಬೇಕೇ?

ನವೆಂಬರ್ 24, ಸೋಮವಾರ

ಧಾರವಾಡ ಬಸ್ಸು. ಕಿವಿ ಡಾಕ್ಟರ್. ಪದ್ಮಜಾ ಎಳೆದುಕೊಂಡೇ ಹೋದಳು. "ಎರಡ ವರ್ಷ ಆತು ಹೇಳಲಿಕತ್ತು. ಕೋಣನ ಮುಂದ ಕಿನ್ನರಿ!"

ಡಾಕ್ಟರ್ ನನ್ನನ್ನು ಬಿಟ್ಟು ಅವಳಿಗೇ ಹೇಳಿದರು — ಮೇಲಿನ ಸ್ವರಗಳು ಇವರಿಗೆ ಕೇಳುತ್ತಿಲ್ಲ, ತಗ್ಗಿನವು ಇನ್ನೂ ಕೇಳುತ್ತವೆ. ಮಷಿನ್ ಹಾಕಬೇಕು, ಬರಲು ಎರಡು ಮೂರು ವಾರ. ಮದುವೆಗೆ ಸಿಗುವುದಿಲ್ಲ. ನಾನು ಹಳೆಯ ಚಿತ್ರಗಳ ವಿಷಯ ಕೇಳಿದೆ. ಆ ಕಾಲದ ರೆಕಾರ್ಡಿಂಗಿನಲ್ಲಿ ಮೇಲಿನದು ಸರಿಯಾಗಿ ಹಿಡಿದೇ ಇಲ್ಲವಂತೆ. ಅಂದರೆ ಅಲ್ಲಿ ಎಲ್ಲರೂ ನನ್ನಷ್ಟೇ ಕಿವುಡರು. ಬಸ್ಸಿನಲ್ಲಿ ಅದನ್ನು ನೆನೆದು ನಗು ಬಂತು. ಪದ್ಮಜಾ ನಗಲಿಲ್ಲ. ಏನೋ ಯೋಚಿಸುತ್ತಿದ್ದಳು.

ನವೆಂಬರ್ 25. ಬೆಳಿಗ್ಗೆ

ಚಹಾ ಕೊಡುತ್ತಾ ಪದ್ಮಜಾ ಅಂದಳು: "ನಾವಿಬ್ರೂ ಹಾಡೂಣು. ಆ ಅಕ್ಕ-ತಂಗೀಗತೆ. ನೀವು ಕಣ್ಣ ತಗದು ನನ್ನ ಬಾಯಿ ನೋಡ್ಕೋತ ಹಾಡ್ರಿ. ವ್ಯಾಳ್ಯಾ ಆದ್ರ ನಾ ಕೈ ಎತ್ತತೇನಿ."

ನಾನು ಬೆರಗಾದೆ. ಮನೆಯಲ್ಲಿ ಆರತಿ ಹಾಡು ಹೇಳುವವಳು, ಅಷ್ಟೇ. ಏರು ದನಿ, ಇಂಪಾದ ದನಿ. ಮಂದಿಯ ಮುಂದೆ ಒಮ್ಮೆಯೂ ಹಾಡಿಲ್ಲ — ನನ್ನ ತಾಯಿ ಗಂಗೂಬಾಯಿ ಇದ್ದಾಗ ಬಿಡಲಿಲ್ಲ, ಆಮೇಲೆ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

"ಅಂಜಿಕಿ ಬರೂದಿಲ್ಲೇನು?"

"ಬರ್ತದ. ಬರಲಿ."

ಭಾರ್ಗವನಿಗೆ ಫೋನ್ ಮಾಡಿದವಳೂ ಅವಳೇ. ಅವನು ಏನೋ ಗೊಣಗಿದ. ಹರಿಪ್ರಿಯಾ ಫೋನ್ ಕಸಿದುಕೊಂಡು "ದೊಡ್ಡಪ್ಪ ಹಾಡಲಿಲ್ಲಂದ್ರ ನಾ ಮಾಲಿ ಹಾಕಂಗಿಲ್ಲ" ಅಂದಳಂತೆ. ಭಲೆ ಕೂಸೇ.

ಡಿಸೆಂಬರ್ 4, ಗುರುವಾರ. ಬೆಳಗಿನ 5

ಮಂಗಲಾಷ್ಟಕದ ಪುಸ್ತಕ ತೆರೆದು ಕೂತಿದ್ದೇನೆ. ಮೂವತ್ತು ವರ್ಷ ಬಾಯಿಪಾಠ ಹಾಡಿದವನು. ಅವಳು ಹೆರಳು ಹಾಕಿಕೊಳ್ಳುತ್ತಿದ್ದಾಳೆ, ತುಟಿ ಪಿಟಿಪಿಟಿ ಅನ್ನುತ್ತಿದೆ. ಈ ಸಲ ತಪ್ಪಿದರೆ ಮತ್ತೆ ಯಾರೂ ಕರೆಯುವುದಿಲ್ಲ. ಹರಿಪ್ರಿಯಾಳ ಮುಹೂರ್ತ ಕೆಟ್ಟರೆ ನಾನು ಯಾವ ಮುಖ ಇಟ್ಟುಕೊಂಡು…

ಡಿಸೆಂಬರ್ 5

ಆಯಿತು! ಪದ್ಮಜಾಳ ಬಾಯಿ ನೋಡುತ್ತಾ ಹಾಡಿದೆ. ಆಶ್ಚರ್ಯ — ಅವಳ ದನಿ ಪೂರ್ತಿ ಕೇಳಿಸಿತು. ಒಂದಕ್ಷರ ಬಿಡದೆ. ಅವಳೊಂದು ಶ್ಲೋಕ, ನಾನೊಂದು, ಕೊನೆಯದು ಇಬ್ಬರೂ. ಅವಳ ಕೈ ಮೇಲೆದ್ದಿತು, ನಾನು 'ಸಾವಧಾನ' ಅಂದೆ, ಅಂತರಪಟ ಸರಿಯಿತು. ಗಳಿಗೆಗೆ ಸರಿಯಾಗಿ. ಹರಿಪ್ರಿಯಾ ಮಾಲೆ ಹಿಡಿದುಕೊಂಡೇ ನಮ್ಮ ಕಡೆ ನೋಡಿ ನಕ್ಕಳು.

ಊಟದ ಪಂಕ್ತಿಯಲ್ಲಿ ಯಾರೋ ಹೆಂಗಸರು "ಪದ್ಮಜಾಬಾಯಿ ಗಂಡಸರಗತೆ ಹಾಡಿದ್ರಲ್ರಿ" ಅಂದರಂತೆ. ಭಾರ್ಗವನ ಹೆಂಡತಿ ಹೇಳಿದಳು. ಹೊಟ್ಟೆಕಿಚ್ಚು ಅಂದುಕೊಂಡೆ.

ಡಿಸೆಂಬರ್ 17, ಬುಧವಾರ

ಧನುರ್ಮಾಸ. ಮದುವೆಗಳಿಲ್ಲ. ನಿನ್ನೆ ಮಷಿನ್ ಬಂತು. ಅಬ್ಬಾ, ಹಾಳೆಯ ಮೇಲೆ ಪೆನ್ನು ಇಷ್ಟು ಸದ್ದು ಮಾಡುತ್ತದೆಯೇ!

ಹರಿಪ್ರಿಯಾ ಕಳಿಸಿದ ವಿಡಿಯೋ ಹಚ್ಚಿದೆ. ಅದೂ ಸುಮಾರು ಹತ್ತು ನಿಮಿಷದ್ದೇ. ನಾವಿಬ್ಬರೂ ಅಂತರಪಟದ ಪಕ್ಕದಲ್ಲಿ. ಪದ್ಮಜಾ ಶುರು ಮಾಡಿದಳು — ಇದು ಅವಳ ದನಿಯಲ್ಲ. ಕೆಳಗೆ, ಎಲ್ಲೋ ತಳದಲ್ಲಿ. ಗಂಟಲು ಕಟ್ಟುತ್ತಿದೆ, ಒಡೆಯುತ್ತಿದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕದ್ದೂ ಕೇಳಿಸಿತು. ಅವಳು ನಿಲ್ಲಿಸಲಿಲ್ಲ.

ಅಡುಗೆ ಮನೆಗೆ ಹೋದೆ. ಅವರೆಕಾಯಿ ಬಿಡಿಸುತ್ತಿದ್ದಳು.

"ಯಾಕ ಅಷ್ಟ ತಗ್ಗಿಸಿ ಹಾಡಿದಿ? ಅದು ನಿನ್ನ ದನಿನ ಅಲ್ಲ."

ತಲೆ ಎತ್ತಲಿಲ್ಲ. "ಮ್ಯಾಲಿನ ಸ್ವರ ನಿಮಗ ಕೇಳಸೂದಿಲ್ಲಂತ ಡಾಕ್ಟರ್ ಅಂದ್ರಲ್ಲ. ಎತ್ತಿ ಹಾಡಿದ್ರ ನಿಮಗ ಕೇಳದ ನೀವೊಬ್ರ ಹಾಡ್ಕೋತ ಉಳೀತಿದ್ರಿ."

"ಮಂದಿ ನಕ್ಕರಲ್ಲ, ಪದ್ಮಾ."

"ನಗಲಿ ಬಿಡ್ರಿ. ಹುಡುಗೀ ಮದವಿ ಆತಲ್ಲ."

ಜನ್ಮದಲ್ಲಿ ಒಮ್ಮೆ ಮಂದಿಯ ಮುಂದೆ ಹಾಡಿದಳು. ಅದನ್ನೂ ನನಗೆ ಕೊಟ್ಟುಬಿಟ್ಟಳು.

"ಈಗ ಹಾಡು. ನಿನ್ನ ದನೀಲೆ. ಎಲ್ಲಾ ಕೇಳಸ್ತದ ನನಗ."

"ಹುಚ್ಚಗಿಚ್ಚ ಹಿಡೀತೇನ್ರಿ? ಒಲಿ ಮ್ಯಾಲೆ ಬ್ಯಾಳಿ ಇಟ್ಟೇನಿ."

ಬಂದು ಇಲ್ಲಿ ಕುಳಿತೆ. ಬರೆಯುತ್ತಿದ್ದೇನೆ. ಒಲೆ ಆರಿಸಿದ ಸದ್ದು. ಈಗ ಬಾಗಿಲಲ್ಲಿ ನಿಂತಿದ್ದಾಳೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. ಗಂಟಲು ಸರಿಮಾಡಿಕೊಂಡಳು. ಎತ್ತರದಲ್ಲೇ ಶುರು ಮಾಡಿದಳು — ದೇವರೇ, ಇಷ್ಟು ಎತ್ತರ —

ಪೆನ್ನಿನ ಸದ್ದು ಅಡ್ಡ ಬರುತ್ತಿದೆ. ಉಳಿದದ್ದು ಆಮೇಲೆ.