ಬಾಯ್ಲರ್ ಹಚ್ಚುವ ಕ್ರಮ

ಜೂನ್ 3, ಸೋಮವಾರ. ಮಧ್ಯಾಹ್ನ 1.20

ಚಿತ್ರಾನ್ನದ ಮೇಲೂ ಕಲ್ಲಿದ್ದಲ ಧೂಳು. ಊದಿ ತಿಂದೆ. ಈಗೀಗ ಬೇಸರವಾಗುವುದಿಲ್ಲ.

ಕಾರ್ಖಾನೆಗೆ ಬೇಕಾದ ಕರೆಂಟು ಇಲ್ಲೇ ತಯಾರು. ಈಗ ಬಾಯ್ಲರ್ ಆರಿಸಿ ವರ್ಷದ ರಿಪೇರಿ. ಹದಿನಾಲ್ಕಕ್ಕೆ ಮತ್ತೆ ಹಚ್ಚುತ್ತಾರೆ. ಹಚ್ಚುವ ಕ್ರಮ ಇಂಗ್ಲಿಷಿನಲ್ಲಿದೆ, ಯಾರೂ ಓದುವುದಿಲ್ಲ. ಕನ್ನಡಕ್ಕೆ ತರುವ ಕೆಲಸ ನನ್ನದು.

"ಕನ್ನಡ ಎಂ.ಎ. ಅಂತ ತಗೊಂಡಿದ್ದೀವಿ. ಇದೊಂದು ನೋಡಿ ಕನ್‌ಫರ್ಮ್ ಮಾಡ್ತೀನಿ," ಅಂದರು ಮ್ಯಾನೇಜರ್ ನಾಗೇಂದ್ರ ಸಾರ್. ಮೂರು ತಿಂಗಳ ಪ್ರೊಬೇಷನ್ ಹದಿನೈದಕ್ಕೆ ಮುಗಿಯುತ್ತದೆ.

"ಹ್ಞೂಂ ಸಾರ್." ಇಲ್ಲಿ ನಾನು ಆಡುವ ಮಾತು ಹೆಚ್ಚುಕಡಿಮೆ ಅಷ್ಟೇ.

ಜೂನ್ 5, ಬುಧವಾರ

ಬರೆದು ಮುಗಿಸಿದೆ. ಕಲ್ಲಿದ್ದಲಿನಿಂದ ಶುರು. ಲಾರಿಯಿಂದ ಇಳಿಯುತ್ತದೆ, ಪುಡಿಯಾಗುತ್ತದೆ, ಉರಿಯುತ್ತದೆ. ಆ ಕಾವಿಗೆ ಟ್ಯೂಬಿನೊಳಗಿನ ನೀರು ಆವಿ. ಆವಿ ನುಗ್ಗಿ ಟರ್ಬೈನ್ ತಿರುಗಿಸುತ್ತದೆ, ಟರ್ಬೈನ್ ಜನರೇಟರನ್ನು. ಅಲ್ಲಿಂದ ಕರೆಂಟು. ದಣಿದ ಆವಿ ತಣಿದು ಮತ್ತೆ ನೀರು... ಎಷ್ಟು ಚೆಂದದ ಕಥೆ! ಇಂಗ್ಲಿಷಿನದು ಅಲ್ಲಿಂದಿಲ್ಲಿಗೆ ನೆಗೆಯುತ್ತಿತ್ತು. ನಾನು ಒಂದೇ ಓಟಕ್ಕೆ ತಂದೆ.

ಸಾರ್ ಮೆಚ್ಚಿದರು. ಲ್ಯಾಮಿನೇಷನ್‌ಗೂ ಕಳಿಸಿದರು.

ಜೂನ್ 7, ಶುಕ್ರವಾರ

ನಂಜುಂಡೇಶಣ್ಣ ಹಾಳೆ ಓದಿದರು. ದೇವನೂರಿನವರು. ಇಪ್ಪತ್ತೆರಡು ವರ್ಷದಿಂದ ಬಾಯ್ಲರ್ ಆಪರೇಟರ್. ಬೆಲ್ಟಿನ ಕೆಳಗೆ ಬಿದ್ದ ಕಲ್ಲಿದ್ದಲು ಗುಡಿಸುವ ಮಲ್ಲಾಜಮ್ಮ ಪೊರಕೆ ನಿಲ್ಲಿಸಿ ನೋಡಿದಳು.

"ಎಂಡ್ತಿ ಕೊಟ್ಟ ಸಾಮಾನ್ ಚೀಟಿನೇ ಓದ್ದೆ ಇರೋನು, ನಿನ್ ಆಳೆ ಓದ್ತಾವ್ನಲ್ಲವ್ವಾ!"

"ಸುಮ್ನಿರಮ್ಮಿ ನೀನು," ಅಂದರು ನಂಜುಂಡೇಶಣ್ಣ. ಆಮೇಲೆ ನನ್ನ ಕಡೆ ತಿರುಗಿ, "ಸೆಂದಾಗದೆ ಕನವ್ವ. ಕತೆ ಓದ್ದಂಗದೆ. ಆದ್ರೆ ಇದ್ರಂಗೆ ಮಾಡುದ್ರೆ ನಾವ್ಯಾರೂ ಉಳಿಯಕಿಲ್ಲ."

ನಕ್ಕರು ಅಂದುಕೊಂಡೆ. ನಕ್ಕಿರಲಿಲ್ಲ.

"ಬೆಂಕಿ ಮೂರ್ನೇದು, ನೀರು ಐದ್ನೇದು ಆಕಿದ್ದೀಯ. ನೀರಿಲ್ದೆ ಬೆಂಕಿ ಇಟ್ರೆ ಟ್ಯೂಬು ಕೆಂಪಗಾಯ್ತದೆ. ಆಗ ನೀರು ಬುಟ್ರೆ ಸಿಡೀತದೆ. ಮೊದ್ಲು ನೀರು. ನೀರಿನ ಮಟ್ಟ ತೋರ್ಸೋ ಗಾಜಲ್ಲಿ ನೀರು ಕಂಡ್ರೂ ನಂಬಂಗಿಲ್ಲ—ಪೈಪು ಕಟ್ಕೊಂಡಿದ್ರೆ ಅಳೇ ನೀರೇ ನಿಂತಿರ್ತದೆ. ಒಂದ್ಸಲ ಗಾಜಿನ್ ನೀರು ಆಚೆ ಬುಟ್ಟು, ಮತ್ತೆ ಏರ್ತದಾ ಅಂತ ನೋಡ್ಬೇಕು."

ಇಂಗ್ಲಿಷ್ ಹಾಳೆ ತೆಗೆದೆ. ಮೊದಲ ಎರಡು ಸಾಲು ಅವೇ. ಓಟ ಕೆಡುತ್ತದೆಂದು ನಾನೇ ಒಂದನ್ನು ಕೆಳಗಿಳಿಸಿ, ಇನ್ನೊಂದನ್ನು ಬಿಟ್ಟಿದ್ದೆ.

ಲ್ಯಾಮಿನೇಟ್ ಆದ ಇಪ್ಪತ್ತು ಪ್ರತಿ ಸಾರ್ ಮೇಜಿನ ಮೇಲಿವೆ. ಹೇಳಬೇಕು.

ಜೂನ್ 8, ಶನಿವಾರ

ಕ್ಯಾಬಿನ್ ಬಾಗಿಲವರೆಗೆ ಹೋದೆ. ಸಾರ್ ಫೋನಿನಲ್ಲಿದ್ದರು. ಫೋನ್ ಮುಗಿದ ಮೇಲೂ ಒಳಗೆ ಹೋಗಲಿಲ್ಲ.

ಜೂನ್ 11, ಮಂಗಳವಾರ

ಹೇಳಿದೆ. "ಸಾರ್, ನಾನು ಬರೆದಿದ್ದು ತಪ್ಪು. ಬೆಂಕಿಗಿಂತ ಮೊದ್ಲು ನೀರು ಬರಬೇಕು."

ಸಾರ್ ಇಂಗ್ಲಿಷ್, ಕನ್ನಡ ಎರಡೂ ಹಾಳೆ ಪಕ್ಕಪಕ್ಕ ಇಟ್ಟರು. ಸಾಲುಸಾಲಿಗೂ ಬೆರಳಿಟ್ಟು ಓದಿದರು.

"ನಾನೂ ಓಕೆ ಅಂದ್ಬಿಟ್ಟಿದ್ದೀನಲ್ಲಮ್ಮ."

"ಹ್ಞೂಂ ಸಾರ್."

"ಏನ್ ಹ್ಞೂಂ! ಸರಿ ಮಾಡು. ಹಚ್ಚೋ ದಿನ ನೀನೇ ಮೈಕಲ್ಲಿ ಓದು. ಒಂದೊಂದು ಸಾಲಿಗೂ ಆಯ್ತು ಅನ್ನಿಸ್ಕೊಂಡೇ ಮುಂದಕ್ಕೆ. ಅವತ್ತು ನೋಡಿ ನಿನ್ನ ವಿಷ್ಯ ತೀರ್ಮಾನ."

ಮೈಕು! ಆದರೂ ಆಚೆ ಬಂದಾಗ ಮೈ ಹಗುರ. ಊರಿಗೆ, ಹೆಮ್ಮಿಗೆಗೆ, ಫೋನ್ ಮಾಡಿದೆ. "ಏನ್ ಮಗ, ಇವತ್ತು ದನಿ ಗೆಲುವಾಗದೆ?" ಅಂದಳು ಅವ್ವ.

ಜೂನ್ 14, ಶುಕ್ರವಾರ. ಮಧ್ಯಾಹ್ನ 3.40

ಬೆಳಿಗ್ಗೆ ಏಳಕ್ಕೆ ಶುರು. ನಂಜುಂಡೇಶಣ್ಣ ಮೇಲೆ, ಗಾಜಿನ ಹತ್ತಿರ, ಕೈಯಲ್ಲಿ ವಾಕಿಟಾಕಿ. ನಾನು ಕೆಳಗೆ. ಹಾಳೆ ಮೇಜಿನ ಮೇಲಿಟ್ಟು ಮೈಕು ಆನ್ ಮಾಡಿದೆ.

"ಒಂದು. ಗಾಜಿನಲ್ಲಿ ನೀರು ಅರ್ಧಕ್ಕಿದೆಯೇ?"

"ಅದೆ. ಆಯ್ತು."

"ಎರಡು. ಗಾಜಿನ ನೀರು ಬಿಟ್ಟು ನೋಡಿ. ಮತ್ತೆ ಏರಿತೇ?"

ಸದ್ದಿಲ್ಲ. ಒಂದು ನಿಮಿಷ, ಎರಡು ನಿಮಿಷ. ಸಾರ್ ಗಡಿಯಾರ ನೋಡಿದರು. "ನೀರು ಕಾಣ್ತಿದೆಯಂತಲ್ಲ, ಮುಂದಕ್ಕೆ ಓದಮ್ಮ."

ಮೂರನೆಯ ಸಾಲು ಕಣ್ಣೆದುರೇ ಇತ್ತು. ಬೆರಳು ಎರಡರ ಮೇಲೇ ಇಟ್ಟುಕೊಂಡೆ.

"ಓದಮ್ಮ!"

"ಇನ್ನೂ 'ಆಯ್ತು' ಬಂದಿಲ್ಲ ಸಾರ್."

ಮೈಕು ಆನ್ ಆಗಿಯೇ ಇತ್ತು. ಇಡೀ ಶೆಡ್ಡಿಗೆ ಕೇಳಿಸಿತು. ಮಲ್ಲಾಜಮ್ಮನ ಪೊರಕೆಯೂ ನಿಂತಿತು.

"ತಡ್ಯವ್ವಾ... ಗಾಜಿನ್ ವಾಲ್ವು ಬಿಗ್ಯಾಗದೆ, ತಿರುಗ್ತಿಲ್ಲ," ಮೇಲಿಂದ ದನಿ. ಸ್ಪ್ಯಾನರ್ ಸದ್ದು. ಹನ್ನೊಂದು ನಿಮಿಷ ಎಲ್ಲರೂ ನಿಂತೆವು. ಆಮೇಲೆ— "ಇಳೀತು... ಏರ್ತು! ಆಯ್ತು, ಓದವ್ವ!"

ನೀರು ಸರಿಯಾಗಿಯೇ ಇತ್ತು. ಏನೂ ಕೆಟ್ಟಿರಲಿಲ್ಲ. ನನಗೇಕೋ ಅದೇ ಹೆಚ್ಚು ಸಂತೋಷ.

ಒಂಬತ್ತನೆಯ ಸಾಲಿಗೆ ಬೆಂಕಿ. ಎರಡೂವರೆಗೆ ಟರ್ಬೈನ್ ತಿರುಗಿತು. ನೆಲ ಜುಮ್ಮೆನ್ನುತ್ತಿದೆ.

ಈಗಷ್ಟೇ ಸಾರ್ ಬಂದಿದ್ದರು. "ಹನ್ನೊಂದು ನಿಮಿಷ ಲೇಟು," ಅಂದರು. ತಲೆ ತಗ್ಗಿಸಿದೆ. "ರಿಪೋರ್ಟಲ್ಲಿ ಕಾರಣ ಬರಿ. ಸರಿಯಾದ ಕಾರಣ. ನಾಳೆ ಆಫೀಸಲ್ಲಿ ಕನ್‌ಫರ್ಮ್ ಆರ್ಡರ್ ಇಸ್ಕೊ. ಆಮೇಲೆ ಬಾಯ್ಲರ್ ಆರಿಸೋ ಕ್ರಮವೂ ಕನ್ನಡದಲ್ಲಿ ಬೇಕು."

ಹೊಸ ಹಾಳೆ ತೆಗೆದಿದ್ದೇನೆ. ಒಂದು ಅಂತ ಬರೆದು ಕೂತಿದ್ದೇನೆ. ಆರಿಸುವಾಗ ಮೊದಲು ಯಾವುದು? ಬೆಂಕಿ ಇರಬೇಕು. ಇರಬೇಕು ಅಂದರೆ ಗೊತ್ತಿಲ್ಲ ಅಂತ. ನಾಲ್ಕಕ್ಕೆ ನಂಜುಂಡೇಶಣ್ಣನ ಶಿಫ್ಟ್ ಮುಗಿಯುತ್ತದೆ, ಅಷ್ಟರೊಳಗೆ ಹೋಗಿ ಕೇಳಿಕೊಂಡು—